ಮೊದಲ ಗಾಳಕ್ಕೆ ಸಣ್ಣ ಮೀನು

ಮನೆಯವರನ್ನು ಮೊದಲ ಸಲ ಗಾಳ ಹಾಕಲು ಕರೆದುಕೊಂಡು ಹೋಗುವ ದಿನ ನಿಮ್ಮ ಗಾಳ ಮನೆಯಲ್ಲೇ ಇರಲಿ. ಗಾಳದಲ್ಲಿ ಪಳಗಿದವರು ಹೆಂಡತಿ, ಮಕ್ಕಳು, ಅಕ್ಕನ ಮಕ್ಕಳು ಎಂದು ಎಲ್ಲರನ್ನೂ ಹೊರಡಿಸಿಕೊಂಡು ಕೆರೆಗೆ ಬರುತ್ತಾರೆ. ಬಂದ ಹತ್ತು ನಿಮಿಷಕ್ಕೆ ತಾವೇ ಬೆಂಡು ನೋಡುತ್ತಾ ಕೂತುಬಿಡುತ್ತಾರೆ. ಮಗು ದಾರ ಸಿಕ್ಕು ಮಾಡಿಕೊಂಡು ‘ಅಪ್ಪಾ’ ಎಂದರೆ ‘ಸುಮ್ನಿರು, ಮೀನು ಓಡೋಗುತ್ತೆ’ ಎಂಬ ಉತ್ತರ ಬರುತ್ತದೆ. ಆ ಮಗು ಮುಂದಿನ ಭಾನುವಾರ ಕೆರೆಗೆ ಬರುವುದಿಲ್ಲ. ಬರದಿದ್ದರೆ ಅದರ ತಪ್ಪೇನೂ ಇಲ್ಲ.

ಹೊಸಬರು ಮೂವರಿದ್ದರೆ ಒಬ್ಬರ ದಾರ ಸಿಕ್ಕಾಗಿರುತ್ತದೆ, ಒಬ್ಬರ ಎರೆಯನ್ನು ಮೀನು ಕದ್ದು ಹೋಗಿರುತ್ತದೆ, ಮೂರನೆಯವರ ಬೆಂಡು ಮುಳುಗುತ್ತಿರುತ್ತದೆ. ಕಲಿಸುವವರ ಎರಡು ಕೈಗೂ ಅಲ್ಲಿ ಬಿಡುವಿರುವುದಿಲ್ಲ. ದೊಡ್ಡ ಮೀನು ಹಿಡಿಯುವ ಆಸೆ ಇದ್ದರೆ ಅದನ್ನು ಇನ್ನೊಂದು ದಿನಕ್ಕೆ, ಒಬ್ಬರೇ ಹೋಗುವಾಗ ಇಟ್ಟುಕೊಳ್ಳಿ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ನಂದಿ ಬೆಟ್ಟದ ಕಡೆ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿಸುತ್ತಾ ಹೆಸರಘಟ್ಟದತ್ತ ಇಳಿಯುತ್ತದೆ. ದಕ್ಷಿಣ ಪಿನಾಕಿನಿ ದೇವನಹಳ್ಳಿ, ಹೊಸಕೋಟೆಗಳ ಕಡೆಗೆ ಹೋಗುತ್ತದೆ. ನೆಲಮಂಗಲದ ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸೇರುತ್ತದೆ. ಮೂರೂ ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ನಮ್ಮಲ್ಲಿ ಮೀನು ಎಂದರೆ ಕೆರೆ ಮೀನೇ. 2021 ಮತ್ತು 2022ರ ಮಳೆಗೆ ಇಲ್ಲಿನ ಅನೇಕ ಕೆರೆಗಳು ತುಂಬಿ ಕೋಡಿ ಹರಿದವು. ಬತ್ತಿದ ಅಂಗಳದಲ್ಲಿ ಕ್ರಿಕೆಟ್ ಆಡಿಕೊಂಡಿದ್ದ ಮಕ್ಕಳು ಆಗ ತಮ್ಮೂರ ಕೆರೆಯಲ್ಲಿ ಮೊದಲ ಸಲ ನೀರು ಕಂಡರು. ಗಾಳದ ಕೋಲು ಹಿಡಿದು ಏರಿಯ ಮೇಲೆ ನಡೆಯುವವರೂ ಆಮೇಲೆ ಹೆಚ್ಚಾದರು.

ಇಂಥ ಕೆರೆಯಲ್ಲಿ ಹೊಸಬರು ಯಾವ ಮೀನಿಗೆ ಗಾಳ ಹಾಕಬೇಕು? ಜಿಲೇಬಿಗೆ. ಅದರ ಜೊತೆಗೆ ಪಕ್ಕೆ, ಸಸಲಿನಂಥ ಪುಟ್ಟ ಮೀನುಗಳು ತಾವಾಗೇ ಬರುತ್ತವೆ. ಕೊರವ, ಕಾಟ್ಲ, ರೋಹು, ಗೆಂಡೆ ಇವತ್ತಿಗೆ ಬೇಡ.

ಜಿಲೇಬಿಯ ಮೂಲ ಆಫ್ರಿಕಾ. ಶಾಸ್ತ್ರದವರು ಮೊಜಾಂಬಿಕ್ ತಿಲಾಪಿಯ ಎನ್ನುವ ಇದು ಭಾರತಕ್ಕೆ ಬಂದದ್ದು 1952ರಲ್ಲಿ. ತಾಯಿಮೀನು ಮೊಟ್ಟೆಯನ್ನೂ ಆಗತಾನೆ ಒಡೆದ ಮರಿಯನ್ನೂ ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಇನ್ನೊಂದು ಮೀನು ಬಂದು ಮೊಟ್ಟೆ ತಿನ್ನುವ ಭಯ ಕಡಿಮೆ, ಆದ್ದರಿಂದ ಬದುಕುಳಿಯುವ ಮರಿಗಳು ಹೆಚ್ಚು. ಕೆಲವೇ ತಿಂಗಳಲ್ಲಿ ಮರಿಯೂ ತಾಯಾಗುತ್ತದೆ. ಕೆರೆ ತುಂಬ ಅಂಗೈ ಅಗಲದ ಜಿಲೇಬಿಗಳಾಗಿ, ತಿನ್ನಲು ಸಾಲದೆ ಯಾವುದೂ ದೊಡ್ಡದಾಗದೆ ಉಳಿಯುತ್ತವೆ. ಕೆರೆಯ ಆರೋಗ್ಯಕ್ಕೆ ಇದು ಒಳ್ಳೆಯದೇನಲ್ಲ. ಹೊಸದಾಗಿ ಕಲಿಯುವವರಿಗೆ ಮಾತ್ರ ಇದಕ್ಕಿಂತ ಅನುಕೂಲದ ಮೀನಿಲ್ಲ. ಹಸಿದಿರುತ್ತದೆ, ದಡದ ಹತ್ತಿರವೇ ಇರುತ್ತದೆ, ಹಗಲು ಹೊತ್ತಿನಲ್ಲೇ ಕಚ್ಚುತ್ತದೆ.

ಕಾಟ್ಲ, ರೋಹು, ಮೃಗಾಲ್‌ಗಳ ಕತೆ ಬೇರೆ. ಅವು ಮಳೆಗಾಲದ ಹರಿವ ನೀರಿನಲ್ಲಿ ಮೊಟ್ಟೆಯಿಡುವ ಜಾತಿ, ನಿಂತ ಕೆರೆಯಲ್ಲಿ ಮರಿ ಮಾಡುವುದಿಲ್ಲ. ಹೀಗಾಗಿ ಪ್ರತಿ ಸಲ ಮರಿಗಳನ್ನು ದುಡ್ಡು ಕೊಟ್ಟು ತಂದು ಬಿಡಬೇಕು. ನೀವು ಒಂದು ರೋಹು ಎತ್ತಿದರೆ ಯಾರೋ ಸಾಕಿದ್ದನ್ನು ಎತ್ತಿದಂತೆಯೇ. ಜಿಲೇಬಿಯನ್ನು ಬಿತ್ತಿದವರು ಯಾರೂ ಇಲ್ಲದಿರುವುದರಿಂದ ಅದನ್ನು ಹಿಡಿಯುವುದಕ್ಕೆ ಅಷ್ಟು ಆಕ್ಷೇಪ ಬರುವುದಿಲ್ಲ.

ಆದರೂ ಕೇಳಿಯೇ ಕೂರಬೇಕು. ಕೆರೆ ಊರಿನದಾದರೂ ಮೀನಿನ ಹಕ್ಕು ಗುತ್ತಿಗೆಯಲ್ಲಿರುತ್ತದೆ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಮೀನುಗಾರಿಕೆ ಇಲಾಖೆ, ಕಡಿಮೆಯಿದ್ದರೆ ಗ್ರಾಮ ಪಂಚಾಯಿತಿ ಅದನ್ನು ನೋಡಿಕೊಳ್ಳುತ್ತದೆ. ಗುತ್ತಿಗೆ ಹಿಡಿದವರು ಮೀನುಗಾರರ ಸಹಕಾರ ಸಂಘದವರಿರಬಹುದು, ಹರಾಜಿನಲ್ಲಿ ಕೂಗಿದವರಿರಬಹುದು. ಒಳನಾಡು ಮೀನುಗಾರಿಕೆಗೆ ಅಂತಲೇ ರಾಜ್ಯದಲ್ಲಿ 1996ರ ಕಾಯ್ದೆ ಇದೆ. ನಿಮಗೆ ಕಾಯ್ದೆಯ ಕಲಂಗಳು ಬಾಯಿಪಾಠ ಆಗಬೇಕಿಲ್ಲ. ಏರಿಯ ಮೇಲೆ ಕಾವಲಿಗಿರುವವರ ಹತ್ತಿರ ಹೋಗಿ, ‘ಅಣ್ಣಾ, ಮಕ್ಕಳಿಗೆ ಗಾಳ ಕಲಿಸೋಣ ಅಂತ ಬಂದಿದೀವಿ. ಜಿಲೇಬಿಗೆ ಮಾತ್ರ. ಯಾವ ಕಡೆ ಕೂತ್ಕೊಳ್ಳಲಿ?’ ಎಂದರೆ ಸಾಕು. ಕೆಲವರು ಒಂದಿಷ್ಟು ದುಡ್ಡು ಕೇಳುತ್ತಾರೆ, ಕೆಲವರು ಬೇಡ ಎನ್ನುತ್ತಾರೆ, ಬಹಳ ಜನ ಯಾವ ಕಡೆ ಆಳವಿಲ್ಲ ಎಂದು ತಾವೇ ತೋರಿಸುತ್ತಾರೆ. ‘ಆಗಲ್ಲ’ ಎಂದರೆ ವಾದಿಸದೆ ಬೇರೆ ಕೆರೆ ನೋಡಿ. ಮಕ್ಕಳೆದುರು ಜಗಳವಾಡಿ ಗೆದ್ದ ಜಾಗದಲ್ಲಿ ಕೂತು ಗಾಳ ಹಾಕುವುದಕ್ಕೆ ಅರ್ಥವಿಲ್ಲ.

ಕೆರೆಯನ್ನು ಆರಿಸುವಾಗ ನೀರನ್ನೂ ಮೂಸಿ ನೋಡಿ. ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ಊರಿನ ಕೊಳಚೆಯೂ ಕಾರ್ಖಾನೆಗಳ ತ್ಯಾಜ್ಯವೂ ಸೇರುತ್ತಿದೆ ಎಂದು ಅಲ್ಲಿನ ಹಳ್ಳಿಗಳವರು ವರ್ಷಗಳಿಂದ ಹೋರಾಡುತ್ತಿದ್ದಾರೆ. ನೊರೆ, ಎಣ್ಣೆಯ ಪೊರೆ, ಮೋರಿ ವಾಸನೆ ಇರುವ ಕಡೆಯ ಮೀನನ್ನು ಮನೆಗೆ ತರಬೇಡಿ. ಜಿಲೇಬಿ ಗಟ್ಟಿ ಜೀವ, ಕೊಳಚೆಯಲ್ಲೂ ಬದುಕುತ್ತದೆ. ಅದು ಬದುಕಿದೆ ಎಂದ ಮಾತ್ರಕ್ಕೆ ನೀರು ಚೆನ್ನಾಗಿದೆ ಎಂದಲ್ಲ. ಊರವರು ಆ ಕೆರೆಯ ಮೀನು ತಿನ್ನುತ್ತಾರೋ ಇಲ್ಲವೋ ಎಂದು ವಿಚಾರಿಸಿದರೆ ಅರ್ಧ ಉತ್ತರ ಸಿಕ್ಕಂತೆ.

ಇನ್ನು ದಡದ ವಿಷಯ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಅಮೆರಿಕದ ಮಿನ್ನೆಸೋಟದಂಥ ಕಡೆ ನೆಲೆಸಿರುವ ನಮ್ಮವರಿಗೆ ಜನವರಿಯಲ್ಲಿ ಸರೋವರ ಎಂದರೆ ಬಿಳಿ ಬಯಲು. ಅಲ್ಲಿನ ಜನ ಹೆಪ್ಪುಗಟ್ಟಿದ ನೀರಿನ ಮೇಲೆ ನಡೆದುಹೋಗಿ, ಮಂಜುಗಡ್ಡೆಗೆ ತೂತು ಕೊರೆದು, ಮೊಳದುದ್ದದ ಕೋಲಿನಿಂದ ದಾರ ಇಳಿಬಿಟ್ಟು ಬ್ಲೂಗಿಲ್, ಕ್ರಾಪಿ ಎಂಬ ಅಂಗೈಯಗಲದ ಮೀನುಗಳನ್ನು ಹಿಡಿಯುತ್ತಾರೆ. ಮಕ್ಕಳಿಗೆ, ಹೊಸಬರಿಗೆ ಅಲ್ಲಿಯೂ ಮೊದಲು ತೋರಿಸುವುದು ಬಾಣಲೆಗೆ ಹಿಡಿಸುವ ಈ ಸಣ್ಣ ಮೀನುಗಳನ್ನೇ. ಆದರೆ ಕೋಲು ಬಿಚ್ಚುವ ಮೊದಲು ಮಂಜುಗಡ್ಡೆಯ ದಪ್ಪ ಅಳೆಯುತ್ತಾರೆ. ನಡೆದುಹೋಗಲು ಕನಿಷ್ಠ 4 ಅಂಗುಲ ಗಟ್ಟಿಯಾದ, ತಿಳಿಯಾದ ಮಂಜುಗಡ್ಡೆ ಬೇಕು ಎಂದು ಅಲ್ಲಿನ ಸರ್ಕಾರವೇ ಹೇಳುತ್ತದೆ. ಅಳೆಯದೆ ಕಾಲಿಡುವವರನ್ನು ಅಲ್ಲಿ ಧೈರ್ಯವಂತರು ಎನ್ನುವುದಿಲ್ಲ. ನಮ್ಮಲ್ಲಿ ದಡವನ್ನು ಅಳೆಯುವ ರೂಢಿ ಇಲ್ಲ, ಅದು ಬರಬೇಕು.

ಕೆರೆಯ ಏರಿ ಕಡೆ ನೀರು ಆಳ. ಕಲ್ಲು ಕಟ್ಟಿದ ಇಳಿಜಾರಿನಲ್ಲಿ ಪಾಚಿ ಇರುತ್ತದೆ, ಜಾರಿದರೆ ಹಿಡಿಯಲು ಏನೂ ಸಿಗುವುದಿಲ್ಲ. ತೂಬಿನ ಹತ್ತಿರ ನೀರಿನ ಸೆಳೆತ ಇರಬಹುದು. ಕೋಡಿ ಹರಿಯುತ್ತಿದ್ದರೆ ಅದರ ಕಲ್ಲಿನ ಮೇಲೆ ನಿಲ್ಲುವುದೇ ಬೇಡ. ಮೀನು ಅಲ್ಲೇ ಹೆಚ್ಚು ಕಾಣುತ್ತದೆ, ಫೋಟೋ ತೆಗೆಯುವವರೂ ಅಲ್ಲೇ ನಿಲ್ಲುತ್ತಾರೆ, ಜಾರಿ ಬೀಳುವವರೂ ಅಲ್ಲಿಯವರೇ. ಮಕ್ಕಳೊಂದಿಗೆ ಬಂದವರಿಗೆ ಅಂಗಳದ ಕಡೆಯೇ ಸರಿ. ನೆಲ ನಿಧಾನವಾಗಿ ನೀರಿಗೆ ಇಳಿಯುವ, ದನ ನೀರು ಕುಡಿಯಲು ಬರುವ ಜಾಗ ನೋಡಿ.

ಅಲ್ಲಿಯೂ ಒಂದು ಅಪಾಯ ಅಡಗಿರುತ್ತದೆ. ಕೆರೆ ಒಣಗಿದ ವರ್ಷಗಳಲ್ಲಿ ಹೊಲಕ್ಕೆ, ಇಟ್ಟಿಗೆಗೆ, ಮನೆ ಪಾಯಕ್ಕೆ ಎಂದು ಜೆಸಿಬಿ ಬಿಟ್ಟು ಮಣ್ಣು ಎತ್ತಿರುತ್ತಾರೆ. ಮಳೆ ಬಂದು ನೀರು ತುಂಬಿದ ಮೇಲೆ ಆ ಗುಂಡಿಗಳು ಕಾಣುವುದಿಲ್ಲ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವರಿಗೆ ಮುಂದಿನ ಹೆಜ್ಜೆಗೆ ನೆಲವೇ ಸಿಗುವುದಿಲ್ಲ. ಇದು ಹೊರಗಿನಿಂದ ಬಂದವರಿಗೆ ಗೊತ್ತಾಗುವ ವಿಷಯವಲ್ಲ. ಕುರಿ ಮೇಯಿಸುವವರಿಗೆ, ದನ ಹೊಡೆದುಕೊಂಡು ಬರುವ ಅಜ್ಜಿಗೆ ಗೊತ್ತಿರುತ್ತದೆ. ಕೆರೆ ಬತ್ತಿದ್ದನ್ನು ಕಂಡವರು ಅವರೇ. ಕೇಳಿ. ಕೇಳಿದ ಮೇಲೂ ಉದ್ದನೆಯ ಕೋಲಿನಿಂದ ದಡದ ಅಂಚಿನ ಆಳ ನೋಡಿ. ಕೋಲು ಥಟ್ಟನೆ ಇಳಿದುಹೋದರೆ ಆ ಜಾಗ ಬಿಡಿ. ಆಮೇಲೆ ನೆಲದ ಮೇಲೆ ಒಂದು ಗೆರೆ ಎಳೆಯಿರಿ, ನೀರಿನಿಂದ ನಾಲ್ಕು ಹೆಜ್ಜೆ ಹಿಂದೆ. ಮಕ್ಕಳು ಆ ಗೆರೆ ದಾಟಬಾರದು. ಎಂಟು ಹತ್ತು ಅಡಿಯ ಕೋಲು ಇರುವಾಗ ನೀರಿಗೆ ಇಳಿಯುವ ಅಗತ್ಯವೇ ಬೀಳುವುದಿಲ್ಲ.

ಕೃಷಿ ಹೊಂಡಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ. ‘ನಮ್ಮ ಚಿಕ್ಕಪ್ಪನ ತೋಟದ್ದೇ, ಮೀನು ಬಿಟ್ಟಿದ್ದಾರೆ’ ಎನ್ನುತ್ತೀರಿ, ಗೊತ್ತು. ಹೊಂಡದ ಬದಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದಾಗ ದೊಡ್ಡವರೂ ಹತ್ತಿ ಬರಲಾರರು. ಸುತ್ತ ಬೇಲಿ ಇದ್ದು, ಹಗ್ಗವೋ ಏಣಿಯೋ ಒಳಗೆ ಇಳಿಬಿಟ್ಟಿದ್ದರೂ ಅದು ಕಲಿಯುವ ಜಾಗವಲ್ಲ.

ಯಾರಾದರೂ ನೀರಿಗೆ ಬಿದ್ದರೆ ಏನು ಮಾಡಬೇಕೆಂದು ಗಾಳ ಕೊಡುವ ಮೊದಲೇ ಹೇಳಿಕೊಡಿ. ಮೊದಲು ಕೂಗು. ಆಮೇಲೆ ಕೋಲು ಚಾಚು. ಕೋಲು ಎಟುಕದಿದ್ದರೆ ಹಗ್ಗ ಎಸೆ. ಹಿಂದೆಯೇ ಹಾರಬೇಡ. ಬಿಗಿಯಾಗಿ ಮುಚ್ಚಳ ಹಾಕಿದ ಐದು ಲೀಟರಿನ ಖಾಲಿ ಕ್ಯಾನಿಗೆ ಉದ್ದನೆಯ ಹಗ್ಗ ಕಟ್ಟಿ ಪಕ್ಕದಲ್ಲಿ ಇಟ್ಟುಕೊಂಡಿರಿ; ಎಸೆದರೆ ತೇಲುತ್ತದೆ, ಹಿಡಿದುಕೊಳ್ಳಬಹುದು. ಚಿಕ್ಕ ಮಕ್ಕಳಿಗೆ ಲೈಫ್ ಜಾಕೆಟ್ ಹಾಕಿಸಿದರೆ ಇನ್ನೂ ಮೇಲು. ಏರಿಯ ಮೇಲೆ ನಡೆಯುವವರು ನಗಬಹುದು, ನಗಲಿ. ಮತ್ತೊಂದು ಮಾತು: ಕುಡಿದವರು ಯಾರೂ ಈ ಗುಂಪಿನಲ್ಲಿ ಬೇಡ. ಕೆರೆ ದಡಕ್ಕೆ ಬಾಟಲಿ ತರುವ ಅಭ್ಯಾಸ ಇರುವವರು ಅವತ್ತು ಮನೆಯಲ್ಲೇ ಉಳಿಯಲಿ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮೋಡ ಕಪ್ಪಾಗಿ ಗುಡುಗು ಕೇಳಿದರೆ ಆ ಕ್ಷಣವೇ ಕೋಲು ಕೆಳಗಿಟ್ಟು ಕೆರೆ ಬಿಟ್ಟು ಹೊರಡಿ. ಬಯಲಿನಲ್ಲಿ ಉದ್ದನೆಯ ಕೋಲು ಹಿಡಿದು ನಿಲ್ಲುವಂಥ ಮೂರ್ಖತನ ಇನ್ನೊಂದಿಲ್ಲ. ಪಂಪ್‌ಸೆಟ್ಟಿಗೆ ಹೋಗುವ ಕರೆಂಟ್ ತಂತಿಯ ಕೆಳಗೂ ಕೂರಬೇಡಿ. ದಡದ ಹುಲ್ಲಿನಲ್ಲಿ ಹಾವಿರಬಹುದು, ಕೂರುವ ಮುಂಚೆ ಕೋಲಿನಿಂದ ಬಡಿದು ನೋಡಿ; ನೀರು ಹಾವಿಗೆ ವಿಷವಿಲ್ಲ, ಮಂಡಲದ ಹಾವಿಗೆ ಇದೆ, ಮಕ್ಕಳಿಗೆ ಎರಡರಿಂದಲೂ ದೂರ ಇರುವುದನ್ನೇ ಕಲಿಸಿ.

ಹೋಗುವ ಹೊತ್ತಿನ ಬಗ್ಗೆ ಒಂದು ತಪ್ಪು ನಂಬಿಕೆ ಇದೆ. ನಸುಕಿಗೇ ಹೋಗಬೇಕು ಎನ್ನುತ್ತಾರೆ. ಬೇಸಿಗೆಗೆ ಅದು ನಿಜ. ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿ ಕಡೆಯ ಇಬ್ಬನಿಯಲ್ಲಿ ಮಕ್ಕಳನ್ನು ನಡುಗಿಸಿಕೊಂಡು ಕೂತರೆ ಮಕ್ಕಳಿಗೂ ಬೇಜಾರು, ಮೀನಿಗೂ ಹಸಿವಿಲ್ಲ. ಜಿಲೇಬಿ ಬಿಸಿ ನೀರಿನ ನಾಡಿನದು, ನೀರು ತಣ್ಣಗಿದ್ದರೆ ಮಂಕಾಗಿರುತ್ತದೆ. ಬಿಸಿಲೇರಿ ದಡದ ತೆಳುನೀರು ಬೆಚ್ಚಗಾದ ಮೇಲೆ, ಹತ್ತು ಗಂಟೆಯ ಹೊತ್ತಿಗೆ ಹೋಗಿ. ತಿಂಡಿ ತಿನ್ನಿಸಿಕೊಂಡೇ ಹೋಗಿ. ಎರಡು ತಾಸು ಸಾಕು. ಮಕ್ಕಳು ‘ಇನ್ನೂ ಸ್ವಲ್ಪ ಹೊತ್ತು’ ಎನ್ನುತ್ತಿರುವಾಗಲೇ ಎದ್ದರೆ ಮುಂದಿನ ವಾರ ಅವರೇ ನಿಮ್ಮನ್ನು ಎಬ್ಬಿಸುತ್ತಾರೆ.

ಸಾಮಾನು ಹೆಚ್ಚೇನೂ ಬೇಡ. ಚಕ್ರದ ಕೋಲು, ಅಂದರೆ ರೀಲ್ ಇರುವ ಫಿಶಿಂಗ್ ರಾಡು, ಹೊಸಬರ ಕೈಗೆ ಕೊಡಲೇಬೇಡಿ. ಅದರಲ್ಲಿ ಎಸೆಯುವುದನ್ನು ಕಲಿಯುವಷ್ಟರಲ್ಲಿ ಮೀನು ಮರೆತುಹೋಗುತ್ತದೆ, ಗಾಳ ಯಾರ ಕಿವಿಗಾದರೂ ಸಿಕ್ಕುತ್ತದೆ. ಎಂಟು ಹತ್ತು ಅಡಿಯ ಒಣ ಬಿದಿರಿನ ಕೋಲು, ಅದರ ತುದಿಗೆ ಕೋಲಿನಷ್ಟೇ ಉದ್ದದ ಸಪೂರ ನೈಲಾನ್ ದಾರ. ದಾರ ಕೋಲಿಗಿಂತ ಉದ್ದವಾದರೆ ಮಗುವಿಗೆ ಮೀನನ್ನು ಕೈಗೆ ತಂದುಕೊಳ್ಳಲು ಆಗುವುದಿಲ್ಲ. ಗಾಳಗಳಿಗೆ ಅಂಗಡಿಯಲ್ಲಿ ನಂಬರ್ ಇರುತ್ತದೆ, ನಂಬರ್ ಏರಿದಷ್ಟೂ ಗಾಳ ಚಿಕ್ಕದು. 10 ಅಥವಾ 12 ಕೇಳಿ. ಜಿಲೇಬಿಯ ಬಾಯಿ ಪುಟ್ಟದು, ಗಾಳ ದೊಡ್ಡದಾದರೆ ಎರೆ ಮಾತ್ರ ಕಿತ್ತುಕೊಂಡು ಹೋಗುತ್ತದೆ.

ಗಾಳದ ಮೊನೆಯ ಹಿಂದೆ ಒಂದು ಸಣ್ಣ ಕೊಕ್ಕೆಮುಳ್ಳು ಇರುತ್ತದಲ್ಲ, ಅದನ್ನು ಮನೆಯಲ್ಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ಒಂದೆರಡು ಮೀನು ತಪ್ಪಿಸಿಕೊಳ್ಳಬಹುದು. ಬದಲಿಗೆ, ಬೆರಳಿಗೆ ಚುಚ್ಚಿದ ಗಾಳ ಬಂದ ದಾರಿಯಲ್ಲೇ ಹೊರಬರುತ್ತದೆ, ಮೀನಿನ ಬಾಯಿಂದಲೂ ಸಲೀಸಾಗಿ ಬಿಡುತ್ತದೆ. ಕೊಕ್ಕೆಮುಳ್ಳಿನ ಗಾಳ ಆಳಕ್ಕೆ ಸಿಕ್ಕಿಕೊಂಡರೆ ಎಳೆದಾಡದೆ ಆಸ್ಪತ್ರೆಗೆ ಹೋಗಬೇಕು. ಟಿಟಿ ಚುಚ್ಚುಮದ್ದಿನ ವಿಷಯವನ್ನೂ ವೈದ್ಯರನ್ನು ಕೇಳಬೇಕು.

ಬೆಂಡಿಗೆ ಜೋಳದ ದಂಟಿನ ತಿರುಳು ಸಾಕು. ನವಿಲುಗರಿಯ ಕಡ್ಡಿಯೂ ಒಳ್ಳೆಯದೇ, ನೆಲಕ್ಕೆ ಉದುರಿದ್ದು ಸಿಕ್ಕಿದರೆ. ಗಾಳದಿಂದ ಗೇಣು ಮೇಲೆ ಒಂದು ಚಿಕ್ಕ ಸೀಸದ ಗುಂಡು. ಸೀಸವನ್ನು ಮಕ್ಕಳು ಹಲ್ಲಿನಿಂದ ಕಚ್ಚಿ ಬಿಗಿಮಾಡುವುದು ಬೇಡ, ಅದು ವಿಷ, ಇಕ್ಕಳ ಇದೆ. ಸೀಸದ ತೂಕ ಎಷ್ಟಿರಬೇಕೆಂದರೆ, ನೀರಿಗೆ ಬಿಟ್ಟಾಗ ಬೆಂಡು ನೆಟ್ಟಗೆ ನಿಂತು ತುದಿ ಮಾತ್ರ ಕಾಣಬೇಕು. ಬಕೆಟ್ ನೀರಿನಲ್ಲಿ ಮನೆಯಲ್ಲೇ ನೋಡಿಕೊಳ್ಳಬಹುದು. ಹಿಂದಿನ ರಾತ್ರಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಇದನ್ನು ಮಾಡಿದರೆ ಕಲಿಕೆಯ ಅರ್ಧ ಭಾಗ ಅಲ್ಲೇ ಮುಗಿಯುತ್ತದೆ.

ಎರೆಗೆ ಎರೆಹುಳು ಎಲ್ಲಕ್ಕಿಂತ ಮೇಲು. ಬಚ್ಚಲ ನೀರು ಹರಿಯುವ ಕಡೆ, ತಿಪ್ಪೆಯ ಅಂಚಿನಲ್ಲಿ ಸಿಗುತ್ತದೆ. ಹುಳು ಮುಟ್ಟಲು ಕೆಲವರಿಗೆ ಅಸಹ್ಯ. ಬಲವಂತ ಮಾಡಬೇಡಿ. ಬೆಳಗ್ಗೆ ಉಳಿದ ರಾಗಿ ಮುದ್ದೆಗೆ ಒಂದಿಷ್ಟು ಮೈದಾ ಕಲಸಿ ಗಟ್ಟಿಯಾಗಿ ನಾದಿಕೊಂಡು ಅವರೆಕಾಳಿನಷ್ಟು ಉಂಡೆ ಕಟ್ಟಿ. ಮೈದಾ ಇಲ್ಲದಿದ್ದರೆ ಮುದ್ದೆ ನೀರಿನಲ್ಲಿ ಬೇಗ ಕರಗುತ್ತದೆ. ಕೂತ ಜಾಗದ ಮುಂದೆ ಅದರದೇ ಚೂರುಗಳನ್ನು ಆಗಾಗ ಎಸೆಯುತ್ತಿದ್ದರೆ ಮೀನುಗಳು ಸೇರುತ್ತವೆ. ಮೇವು ಹಾಕಿ ಮೀನನ್ನು ಒಲಿಸಿಕೊಳ್ಳುವುದು ಹಳೆಯ ವಿದ್ಯೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ, ಮೀನಿನ ಬಗೆಗಳು, ಅವುಗಳ ಮೇವು, ಗಾಳ ಹಾಕುವ ಕ್ರಮ ಎಲ್ಲವೂ ಅಲ್ಲಿ ಬರುತ್ತವೆ. ಮೀನುಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ 1951ರಲ್ಲಿ ಅದರ ಮೇಲೆ ಪ್ರಬಂಧ ಬರೆದರು. ಅರಸರ ವಿನೋದವಾಗಿದ್ದದ್ದು ಈಗ ನಮ್ಮ ಭಾನುವಾರಕ್ಕೆ ಒದಗಿದೆ.

ಈಗ ಕೆರೆ ಮುಂದೆ ಕೂತಿದ್ದೀರಿ. ಮೊದಲು ಆಳ ಹೊಂದಿಸಿ. ಬೆಂಡು ಅಡ್ಡ ಮಲಗಿದರೆ ಸೀಸ ನೆಲಕ್ಕೆ ತಾಗಿದೆ ಎಂದರ್ಥ, ಬೆಂಡನ್ನು ದಾರದ ಮೇಲೆ ಸ್ವಲ್ಪ ಕೆಳಕ್ಕೆ ಸರಿಸಿ. ಗಾಳ ನೆಲದಿಂದ ಗೇಣು ಮೇಲಿದ್ದರೆ ಸರಿ. ಕೋಲನ್ನು ಮಗುವಿನ ಕೈಗೆ ಕೊಟ್ಟ ಮೇಲೆ ನಿಮ್ಮ ಕೈಯನ್ನು ನಿಮ್ಮ ಬೆನ್ನ ಹಿಂದೆ ಕಟ್ಟಿಕೊಳ್ಳಿ. ಬೆಂಡು ಮುಳುಗಿದಾಗ ಕೋಲು ಕಿತ್ತುಕೊಂಡು ತಾವೇ ಎಳೆಯುವ ಅಪ್ಪಂದಿರನ್ನು, ಮಾವಂದಿರನ್ನು ಬಹಳ ನೋಡಿದ್ದೇನೆ. ಮೀನು ಬರುತ್ತದೆ, ಮಗುವಿನ ಮುಖದಲ್ಲಿ ಸಂತೋಷ ಇರುವುದಿಲ್ಲ.

ಬೆಂಡನ್ನು ಓದುವುದು ಈ ಪಾಠದ ತಿರುಳು. ಸಸಲು, ಪಕ್ಕೆಗಳು ಎರೆಯನ್ನು ಕುಕ್ಕುತ್ತವೆ. ಬೆಂಡು ಮಿಡಿಯುತ್ತದೆ, ನಿಲ್ಲುತ್ತದೆ, ಮತ್ತೆ ಮಿಡಿಯುತ್ತದೆ. ಆಗ ಎಳೆದರೆ ಬರೀ ಗಾಳ ಮೇಲೆ ಬರುತ್ತದೆ. ಜಿಲೇಬಿ ಎರೆಯನ್ನು ಬಾಯಿಗೆ ತೆಗೆದುಕೊಂಡು ಪಕ್ಕಕ್ಕೆ ಹೊರಡುತ್ತದೆ; ಬೆಂಡು ಓರೆಯಾಗಿ ಜಾರಿ ಆಮೇಲೆ ಮುಳುಗುತ್ತದೆ. ಗೆಂಡೆಯಾದರೆ ಕೆಲವೊಮ್ಮೆ ಬೆಂಡು ಮುಳುಗುವ ಬದಲು ಮೇಲೆದ್ದು ಮಲಗುತ್ತದೆ, ಏಕೆಂದರೆ ಅದು ನೆಲದ ಎರೆಯನ್ನು ಬಾಯಲ್ಲಿ ಎತ್ತಿಕೊಂಡಾಗ ಸೀಸದ ಭಾರ ಬೆಂಡಿನ ಮೇಲೆ ಇರುವುದಿಲ್ಲ. ‘ಈಗ ಏನಾಗ್ತಿದೆ ಹೇಳು’ ಎಂದು ಮಗುವನ್ನೇ ಕೇಳಿ. ‘ಕುಕ್ತಾ ಇದೆ’, ‘ಹೊರಟಿತು’ ಎಂದು ಅದೇ ಹೇಳಲು ಕಲಿತ ಮೇಲೆ ಎಳೆಯುವುದನ್ನು ಕಲಿಸುವ ಕೆಲಸ ಉಳಿಯುವುದಿಲ್ಲ. ಎಳೆತ ಮಣಿಕಟ್ಟಿನಿಂದ ಬರಲಿ, ಒಂದು ಗೇಣಿನಷ್ಟು. ಹೊಸಬರು ಭುಜದಿಂದ ಎಳೆದು ಮೀನನ್ನು ತಲೆ ಮೇಲಿಂದ ಹಿಂದಿನ ಜಾಲಿ ಮರಕ್ಕೆ ಹಾರಿಸುತ್ತಾರೆ. ಹಿಂದೆ ಮರವಿಲ್ಲದ ಜಾಗದಲ್ಲಿ ಕೂರಿಸಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಮಾತಾಡಿದರೆ ಮೀನು ಓಡುತ್ತದೆಯೇ? ಮಾತಿಗಿಂತ ದಡದ ಮೇಲೆ ಓಡಾಡುವ ಹೆಜ್ಜೆಗೆ, ನೀರಿನ ಮೇಲೆ ಥಟ್ಟನೆ ಬೀಳುವ ನೆರಳಿಗೆ ಅದು ಹೆದರುತ್ತದೆ. ಮೆಲ್ಲಗೆ ಮಾತಾಡಿಕೊಂಡು, ಕಡಲೆಕಾಯಿ ತಿನ್ನುತ್ತಾ ಕೂರಬಹುದು. ಕಚ್ಚದಿದ್ದರೆ ಕಾಲು ಗಂಟೆಗೆ ಜಾಗ ಬದಲಿಸಿ ಅಥವಾ ಆಳ ಬದಲಿಸಿ. ಚಿಕ್ಕವರ ತಾಳ್ಮೆ ಅಷ್ಟೇ ಇರುವುದು, ಅದನ್ನು ಪರೀಕ್ಷೆ ಮಾಡಬೇಡಿ. ಬೇಜಾರಾದವರು ಹಕ್ಕಿ ನೋಡಲಿ. ಹೊಸಕೋಟೆ ಕೆರೆಯಂಥ ಕಡೆ ಹೆಜ್ಜಾರ್ಲೆಗಳೂ ನೀರುಕಾಗೆಗಳೂ ನಮಗಿಂತ ಚೆನ್ನಾಗಿ ಮೀನು ಹಿಡಿಯುತ್ತಿರುತ್ತವೆ. ತುಂಡಾದ ದಾರವನ್ನು ದಡದಲ್ಲಿ ಬಿಟ್ಟರೆ ಇವುಗಳ ಕಾಲಿಗೇ ಸುತ್ತಿಕೊಳ್ಳುವುದು. ಆದ್ದರಿಂದ ಒಂದು ಡಬ್ಬಿ ತಂದು ಗೇಣುದ್ದದ ಚೂರನ್ನೂ ಅದಕ್ಕೇ ಹಾಕಿಸಿ.

ಮೀನು ಸಿಕ್ಕಿತು ಎನ್ನಿ. ಕೈ ಒದ್ದೆ ಮಾಡಿಕೊಂಡು, ತಲೆಯ ಕಡೆಯಿಂದ ಬಾಲದ ಕಡೆಗೆ ಸವರುತ್ತಾ ಹಿಡಿದರೆ ಜಿಲೇಬಿಯ ಬೆನ್ನ ಮುಳ್ಳು ಮಡಚಿಕೊಳ್ಳುತ್ತದೆ. ಎದುರಿನಿಂದ ಹಿಡಿದರೆ ಚುಚ್ಚುತ್ತದೆ. ಮೀಸೆ ಇರುವ ಮೀನು ಬಂದರೆ ಮಕ್ಕಳು ಮುಟ್ಟುವುದೇ ಬೇಡ. ಚೇಳುಮೀನಿನ ಎದೆಯ ಪಕ್ಕದ ಮುಳ್ಳಿನಲ್ಲಿ ವಿಷವಿದೆ, ಚುಚ್ಚಿಸಿಕೊಂಡವರಿಗೆ ಆ ಹೆಸರು ಯಾಕೆ ಬಂತೆಂದು ಹೇಳಬೇಕಾಗಿಲ್ಲ. ಚುಚ್ಚಿದರೆ ಚರ್ಮ ಸುಡದಷ್ಟು, ತಡೆದುಕೊಳ್ಳುವಷ್ಟು ಬಿಸಿಯ ನೀರಿನಲ್ಲಿ ಆ ಭಾಗವನ್ನು ಅದ್ದಿಟ್ಟರೆ ನೋವು ಇಳಿಯುತ್ತದೆ. ಆಮೇಲೆ ವೈದ್ಯರಿಗೆ ತೋರಿಸಿ. ಅಂಥ ಮೀನನ್ನು ಬಿಡುವಾಗ ದಾರವನ್ನೇ ಕತ್ತರಿಸಿದರೂ ಪರವಾಗಿಲ್ಲ, ಗಾಳದ ಬೆಲೆ ಎಷ್ಟು ಮಹಾ.

ಮಕ್ಕಳು ಒಂದು ಮೀನನ್ನಾದರೂ ಬಾಟಲಿಯಲ್ಲಿ ಜೀವಂತ ಒಯ್ಯೋಣ ಎಂದು ಹಟ ಹಿಡಿಯುತ್ತಾರೆ. ತೊಟ್ಟಿಯಲ್ಲೇ ಸಾಯುವವರೆಗೂ ಇಟ್ಟುಕೊಳ್ಳುವುದಾದರೆ ಒಂದು ಮಾತು. ಎರಡು ದಿನ ಬಿಟ್ಟು ಪಕ್ಕದ ಕುಂಟೆಗೋ ಬೇರೆ ಕೆರೆಗೋ ಸುರಿಯುವುದಾದರೆ ಬೇಡ. ಜಿಲೇಬಿ ಇಲ್ಲದ ನೀರಿಗೆ ಜಿಲೇಬಿ ಹೋಗುವುದು ಹೆಚ್ಚಾಗಿ ಹೀಗೆಯೇ.

ಮನೆಗೆ ಒಯ್ಯುವುದಾದರೆ ಅವತ್ತಿನ ಅಡುಗೆಗೆ ಆಗುವಷ್ಟು ಇಟ್ಟುಕೊಳ್ಳಿ, ಬೆರಳುದ್ದದವನ್ನು ನೀರಿಗೆ ಬಿಡಿ. ಬಕೆಟ್ಟಿನ ಬಿಸಿ ನೀರಿನಲ್ಲಿ ಒದ್ದಾಡಿಸಿ ಸಾಯಿಸುವುದು ಮೀನಿಗೂ ಒಳ್ಳೆಯದಲ್ಲ, ರುಚಿಗೂ ಒಳ್ಳೆಯದಲ್ಲ. ತಲೆಗೆ ಒಂದು ಪೆಟ್ಟು ಕೊಟ್ಟು ಮುಗಿಸಿ ಐಸ್ ಹಾಕಿದ ಡಬ್ಬಿಗೆ ಹಾಕಿ. ಇದನ್ನು ನೋಡಲಾಗದ ಮಗುವನ್ನು ಆಚೆ ಕಳಿಸಿ, ನೋಡುತ್ತೇನೆ ಎನ್ನುವ ಮಗುವಿನಿಂದ ಮುಚ್ಚಿಡಬೇಡಿ. ಮೀನು ತಿನ್ನದ ಮನೆಯವರು ಎಲ್ಲವನ್ನೂ ನೀರಿಗೆ ಬಿಟ್ಟು ಬಂದರೂ ಪಾಠವೇನೂ ಕಡಿಮೆಯಾಗುವುದಿಲ್ಲ. ಆದರೆ ಹಾಗೆ ಬಿಡುವುದಾದರೆ ಗಾಳ ಬಿಡಿಸುವುದನ್ನು ನೀರಿನ ಮಟ್ಟದಲ್ಲೇ ಬೇಗ ಮುಗಿಸಿ, ಫೋಟೋಗೆಂದು ಐದು ನಿಮಿಷ ಕೈಯಲ್ಲಿ ಹಿಡಿದು ನಿಲ್ಲಬೇಡಿ.

ಕೆರೆಯ ಜಿಲೇಬಿಗೆ ಕೆಸರಿನ ವಾಸನೆ ಎಂದು ಮೂಗು ಮುರಿಯುವವರಿದ್ದಾರೆ. ಹಲವು ಸಲ ದೋಷ ತೊಳೆಯುವುದರಲ್ಲಿರುತ್ತದೆ. ಒರಟು ಕಲ್ಲಿನ ಮೇಲೆ ಬೂದಿ ಹಾಕಿ ಉಜ್ಜಿ ಪೊರೆ ತೆಗೆಯಿರಿ, ಹೊಟ್ಟೆಯೊಳಗಿನ ಕಪ್ಪು ಪದರವನ್ನು ಪೂರ್ತಿ ಕೆರೆದು ಹಾಕಿ, ಕಿವಿರು ಕಿತ್ತೆಸೆಯಿರಿ. ಕಲ್ಲುಪ್ಪು, ಅರಿಶಿನ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೊಳೆಯಿರಿ. ಎರಡೂ ಪಕ್ಕೆಗೆ ಓರೆಯಾಗಿ ಗೀರು ಹಾಕಿ, ಖಾರದ ಪುಡಿ, ಜಜ್ಜಿದ ಬೆಳ್ಳುಳ್ಳಿ, ನಿಂಬೆರಸ, ಒಂದು ಹಿಡಿ ಅಕ್ಕಿ ಹಿಟ್ಟು ಸವರಿ ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ ಬೇಯಿಸಿ. ಗೀರಿದ ಜಾಗದಲ್ಲಿ ಸಣ್ಣ ಮುಳ್ಳುಗಳೂ ಗರಿಗರಿಯಾಗುತ್ತವೆ. ನಡುಮುಳ್ಳಿನಿಂದ ಮಾಂಸ ಬಿಡಿಸಿಕೊಡುವುದು ಮಾತ್ರ ದೊಡ್ಡವರ ಕೆಲಸ. ಸಸಲು, ಪಕ್ಕೆಗಳನ್ನು ಹುರಿಯುವ ಬದಲು ಹುಣಸೆಹುಳಿ ಹಾಕಿ ಸಾರು ಮಾಡಿ ಬಿಸಿ ಮುದ್ದೆಗೆ ಬಡಿಸಿದರೆ ಅವು ಸಾರ್ಥಕ.

ಎರಡನೆಯ ಸಲ ಹೋಗುವಾಗ ಗಾಳ ಕಟ್ಟುವುದನ್ನು ಮಕ್ಕಳಿಗೇ ಬಿಡಿ. ಗಾಳದ ಕಿವಿಯಲ್ಲಿ ದಾರ ತೂರಿಸಿ, ದಾರಕ್ಕೇ ಐದು ಸುತ್ತು ಸುತ್ತಿ, ತುದಿಯನ್ನು ಗಾಳದ ಹತ್ತಿರದ ಕುಣಿಕೆಯೊಳಗೆ ತಂದು, ಉಗುಳು ಹಚ್ಚಿ ಒದ್ದೆ ಮಾಡಿ ನಿಧಾನವಾಗಿ ಬಿಗಿಯಬೇಕು. ಒಣಗಿದ ದಾರವನ್ನು ಬಿಗಿದರೆ ಉಜ್ಜಿ ಬಿಸಿಯಾಗಿ ಅಲ್ಲೇ ಸವೆಯುತ್ತದೆ. ಮೊದ ಮೊದಲು ಗಂಟು ಬಿಚ್ಚಿ ಮೀನು ಗಾಳ ಸಮೇತ ಹೋಗುತ್ತದೆ. ಅದಕ್ಕೇ ನಾಲ್ಕು ಗಾಳ ಹೆಚ್ಚಿಗೆ ತಂದಿರಿ. ನಿಮ್ಮ ಕೋಲನ್ನು ಆಗಲೂ ತರಬೇಡಿ. ಮೂರನೆಯ ಸಲಕ್ಕೆ ಮಕ್ಕಳೇ ‘ನೀವೂ ಹಾಕಿ ಅಪ್ಪಾ’ ಎಂದರೆ ತರಬಹುದು.